ನೆಲದಿಂದ ಒಂದು ಮೊಳ

ಕಳೆದ ನವೆಂಬರ್‌ನಲ್ಲಿ ನಮ್ಮ ನೆರೆಮನೆಯವರು ಕೊಳವಳ್ಳಿಯ ಮೆಣಸಿನ ತೋಟವೊಂದರಲ್ಲಿ ಮರದಿಂದ ಬಿದ್ದು ತೀರಿಕೊಂಡರು. ಬೆಳೆ ತಿನ್ನುವ ಕಾಡುಹಂದಿಗಳನ್ನು ಹೊಡೆಯಲು ಪಂಚಾಯ್ತಿಯಿಂದ ಅನುಮತಿ ಪಡೆದಿದ್ದವರು ಅವರು.

ಮರ ಹತ್ತಿ, ಬೀಳದಂತೆ ಸೊಂಟದ ಉದ್ದನೆ ಬೆಲ್ಟನ್ನು ಮರಕ್ಕೆ ಸುತ್ತಿ, ಒರಗಿ ನಿಂತು ಹಂದಿಗಾಗಿ ಕಾಯುವುದು ಅವರ ಕ್ರಮ. ಕಾಲಿಡಲು ಮಡಚುವ ಕಬ್ಬಿಣದ ಹಲಗೆಯೊಂದನ್ನು ಮನೆಯಲ್ಲೇ ಮಾಡಿಕೊಂಡರು. ಹಳೆ ಗೇಟಿನ ಕೀಲು, ಲಾರಿಯವರು ಲೋಡು ಬಿಗಿಯುವ ಪಟ್ಟಿ. ಅದನ್ನು ಅಂಗಳದ ಹಲಸಿನ ಮರಕ್ಕೆ ನೆಲದಿಂದ ಒಂದು ಮೊಳ ಮೇಲೆ ಬಿಗಿದು, ಬಂದವರನ್ನೆಲ್ಲ ಹತ್ತಿಸುತ್ತಿದ್ದರು.

"ನಿಂತು ನೋಡಿ ಸಾರ್, ನಿಂತು ನೋಡಿ."

ಹಾಲಿನವನು ನಿಂತ, ನಾನೂ ನಿಂತೆ. ಹಲಗೆ ಅಲುಗಲಿಲ್ಲ. ಆಮೇಲೆ ತಾವೇ ಹತ್ತಿ, ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ತೋರಿಸುತ್ತಿದ್ದರು.

ಅವರ ಹೆಂಡತಿ ಮಾತ್ರ ಹತ್ತಲಿಲ್ಲ. "ಬೆಲ್ಟ್ ಕಟ್ಟದೆ ಹತ್ತೋದೇ ಅಭ್ಯಾಸ ಆಗೋಯ್ತು ನಿಮಗೆ," ಅಂದರು.

"ಒಂದು ಮೊಳದಿಂದ ಬಿದ್ದು ಯಾರೇ ಸತ್ತಿದ್ದಾರೆ?"

ಅವರು ಬಿದ್ದ ಸಂಜೆ ಆಗಷ್ಟೇ ಮಳೆ ಬಿಟ್ಟಿತ್ತು. ತೋಟದಂಚಿನ ಹಾಲವಾಣದ ಮರಕ್ಕೆ ಏಣಿಯಿಟ್ಟು, ಎರಡಾಳೆತ್ತರದಲ್ಲಿ ಹಲಗೆ ಬಿಗಿದು, ಅದರ ಮೇಲೆ ನಿಂತು ಹಿಮ್ಮಡಿಯಿಂದ ಕುಟ್ಟಿದರು ಎಂದು ಏಣಿ ಹಿಡಿದಿದ್ದ ತೋಟದ ಮಾಲೀಕರು ಹೇಳಿದರು. ನೆನೆದಿದ್ದ ಮೆತ್ತನೆಯ ತೊಗಟೆ ಪಟ್ಟಿಯ ಸಮೇತ ಸುಲಿದು ಬಂತು. ಬೆಲ್ಟ್ ಇನ್ನೂ ಅವರ ಹೆಗಲ ಮೇಲಿತ್ತು.

ಅವರ ಬದಲಿಗೆ ಪಂಚಾಯ್ತಿಗೆ ಈವರೆಗೆ ಯಾರೂ ಸಿಕ್ಕಿಲ್ಲ. ಹೋದ ವಾರ ಹಂದಿಗಳು ಅವರ ಮನೆ ಹಿಂದಿನ ಮರಗೆಣಸನ್ನು ಬಗೆದುಹಾಕಿದವು. ಉಳಿದದ್ದನ್ನು ಹೆಂಡತಿ ಬಲಿಯುವ ಮೊದಲೇ ಕಿತ್ತು ಮಾರಿದರು.