ರಾಗಿ ಕಣದ ಗೋಲ್‌ಕೀಪರ್

ಸನ್ಮಾನಪತ್ರ ಬರೆಯುವುದರಲ್ಲಿ ನನ್ನದು ಪಳಗಿದ ಕೈ. ನಮ್ಮೂರು ಸಾಸಲಿನ ಸುತ್ತ ಯಾರು ನಿವೃತ್ತರಾದರೂ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆಗೆ ನನ್ನ ನಾಲ್ಕು ಪ್ಯಾರಾ ಇರಲೇಬೇಕು. ಪೋಸ್ಟ್‌ಮ್ಯಾನ್‌ಗೆ ಬರೆದದ್ದನ್ನೇ ಎರಡು ಪದ ಬದಲಿಸಿ ಪಶುವೈದ್ಯರಿಗೂ ಓದಿದ್ದೇನೆ, ಇಬ್ಬರೂ ಕಣ್ಣೊರೆಸಿಕೊಂಡಿದ್ದಾರೆ. ಆ ಧೈರ್ಯವೇ ನನ್ನನ್ನು ಕೆಡಿಸಿತು.

ಕಳೆದ ರಾಜ್ಯೋತ್ಸವಕ್ಕೆ ನಾರಾಯಣಪ್ಪನವರಿಗೆ ಸನ್ಮಾನವೆಂದು ತೀರ್ಮಾನವಾಯಿತು. ಸೈನ್ಯಕ್ಕೆ ಸೇರಿ ಲಡಾಖಿಗೆ ಹೋದ ನಮ್ಮೂರಿನವರು, ಅಲ್ಲಿ ಮಂಜುಗಡ್ಡೆಯ ಮೇಲೆ ಆಡುವ ಐಸ್‌ಹಾಕಿಯ ಸೈನ್ಯದ ತಂಡದಲ್ಲಿ ಹದಿನೈದು ವರ್ಷ ಆಡಿದರು. ಆಟವೇ ನೌಕರಿ. ಈಗ ನಿವೃತ್ತರಾಗಿ ಊರಿಗೆ ಬಂದಿದ್ದಾರೆ. ಐಸ್ ಎಂದರೆ ನನಗೆ ಗೊತ್ತಿರುವುದು ಕಬ್ಬಿನ ಹಾಲಿನ ಅಂಗಡಿಯ ಗೋಣಿಚೀಲದೊಳಗಿನದು ಮಾತ್ರ. ಕೇಳಿ ತಿಳಿದುಕೊಳ್ಳುವುದು ಬಿಟ್ಟು, "ತಾವು ಹೊಡೆದ ಗೋಲುಗಳಿಗೆ ಲೆಕ್ಕವುಂಟೇ!" ಎಂದು ವೇದಿಕೆಯಲ್ಲಿ ಗಟ್ಟಿಯಾಗಿ ಓದಿಬಿಟ್ಟೆ.

"ಒಂದೂ ಹೊಡ್ದಿಲ್ಲ ಮೇಷ್ಟ್ರೇ," ಎಂದರು ಅವರು ಮೈಕಿನಲ್ಲೇ. "ನಾನು ಗೋಲ್‌ಕೀಪರ್. ತಡ್ಯೋದೇ ನನ್ ಕೆಲ್ಸ."

ಸಭೆ ಗೊಳ್ಳೆಂದು ನಕ್ಕಿತು. ನನಗೆ ನಾಚಿಕೆಯಾಯಿತು, ಜೊತೆಗೆ ಯೋಚನೆಯೂ ಬಂತು. ಆಗದೆ ಹೋದದ್ದಕ್ಕೆ ಯಾರು ಸನ್ಮಾನಪತ್ರ ಬರೆಯುತ್ತಾರೆ? ಹಿಂದೆ ನಮ್ಮ ಕೆರೆಗೆ ನೀರುಗಂಟಿ ಇದ್ದ; ಏರಿ ಒಡೆಯದಂತೆ ಮಳೆಗಾಲವೆಲ್ಲ ಕಾಯುತ್ತಿದ್ದ. ಏರಿ ಒಡೆಯಲಿಲ್ಲ, ಅವನ ಹೆಸರು ಈಗ ಯಾರಿಗೂ ನೆನಪಿಲ್ಲ.

ನಾರಾಯಣಪ್ಪನವರ ಮುಂದಿನ ಮಾತಿಗೆ ಯಾರೂ ನಗಲಿಲ್ಲ. ಊರಿನ ಐದು ಹೆಣ್ಣುಮಕ್ಕಳಿಗೆ ಅವರು ಗಾಲಿ ಬೂಟು ತೊಡಿಸಿ ಆಟ ಕಲಿಸುತ್ತಿದ್ದರು. ಗಾಲಿಯ ಮೇಲೆ ನಿಲ್ಲುವುದು ಬಂದರೆ ಮುಂದೆ ಮಂಜುಗಡ್ಡೆಯ ಮೇಲೂ ಆಡಬಹುದಂತೆ. ಆದರೆ ಗಾಲಿ ಉರುಳಲು ನುಣುಪು ನೆಲ ಬೇಕಲ್ಲ. ಊರಲ್ಲಿ ಅಂಥದ್ದು ಒಂದೇ, ಮುನಿಯಮ್ಮನವರ ಸಿಮೆಂಟಿನ ರಾಗಿ ಕಣ.

"ಶಾಲು ಬೇಡ, ಆ ಕಣ ಕೊಡ್ಸಿ. ಇಲ್ದಿದ್ರೆ ಈ ಆಟ ಊರಲ್ಲಿ ನನ್ ಜೊತೆಗೇ ಮುಗ್ದೋಗುತ್ತೆ," ಎಂದರು.

ಮುಂದಿನ ಸಾಲಿನಲ್ಲಿದ್ದ ಮುನಿಯಮ್ಮ ಎದ್ದು ನಿಂತರು. "ಕಣ ಕಿತ್ತೋದ್ರೆ ರಾಗೀಲಿ ಕಲ್ಲು ಸೇರುತ್ತೆ ಕಣಪ್ಪಾ. ರೊಟ್ಟಿ ಕಚ್ಚಿ ನನ್ ಇರೋ ನಾಕು ಹಲ್ಲೂ ಹೋಗ್ಬೇಕಾ?"

"ದಿನಾ ನಾನೇ ಗುಡಿಸ್ತೀನಿ ದೊಡ್ಡಮ್ಮ. ಅಲ್ಲೂ ಅದೇ ಮಾಡ್ತಿದ್ವಿ."

ಲಡಾಖಿನಲ್ಲಿ ಬಯಲಿಗೆ, ನಾವು ಗದ್ದೆಗೆ ಕಟ್ಟುವಂತೆ, ನೀರು ಕಟ್ಟುತ್ತಾರಂತೆ. ಅದು ಗಡ್ಡೆಕಟ್ಟಿದ ಮೇಲೆ ಆಟಗಾರರೇ ಪೊರಕೆ ಹಿಡಿದು ಗುಡಿಸುತ್ತಾರಂತೆ. ಮುನಿಯಮ್ಮ ಇದನ್ನೆಲ್ಲ ಗಮನವಿಟ್ಟು ಕೇಳಿದರು. ಪೊರಕೆ ಹಿಡಿಯುವ ಗಂಡಸಿನ ಮೇಲೆ ಅವರಿಗೆ ನಂಬಿಕೆ ಹುಟ್ಟಿತೆಂದು ಕಾಣುತ್ತದೆ. "ಒಕ್ಕಣೆ ಮುಗೀಲಿ, ಆಮೇಲ್ ಆಡ್ಕೊಳ್ಳಿ," ಎಂದು ಕೂತರು.

ಒಕ್ಕಣೆ ಮುಗಿದ ಮೇಲೆ ಐವರು ಎಂಟಾದರು. ಕಣ ಕಾಯುವ ನೆಪದಲ್ಲಿ ಮುನಿಯಮ್ಮ ಹೊಂಗೆಮರದ ಕೆಳಗೆ ಕೂರುತ್ತಿದ್ದರು; ಅವರ ಮೊಮ್ಮಗಳೇ ಎಂಟನೆಯವಳು.

ಮೊನ್ನೆ ದೊಡ್ಡಬಳ್ಳಾಪುರದ ಬಟ್ಟೆ ಅಂಗಡಿಯಲ್ಲಿ ಮುನಿಯಮ್ಮ ಸಿಕ್ಕರು. ಹೊರಗೆ ನೆತ್ತಿ ಸುಡುವ ಬಿಸಿಲು. ಅಂಗಡಿಯವನು ಅಟ್ಟದ ಮೂಟೆಯಿಂದ ಹುಡುಕಿ ತೆಗೆದ ಉಣ್ಣೆ ಸ್ವೆಟರನ್ನು ಅವರು ಎಳೆದೆಳೆದು ನೋಡುತ್ತಿದ್ದರು.

"ಈ ಸೆಕೇಲಿ ಯಾರಿಗಮ್ಮಾ?"

"ಮೊಮ್ಮಗ್ಳಿಗೆ. ಆ ಲಡಾಖಲ್ಲೆಲ್ಲ ಚಳಿ ಅಂತಲ್ಲ."

ಸ್ವೆಟರು ಆ ಮಗುವಿನ ಮೊಣಕಾಲು ಮುಟ್ಟುವಷ್ಟು ಉದ್ದವಿತ್ತು. ತಡೆಯಲಾರದೆ ಹೇಳಿಯೇಬಿಟ್ಟೆ.

"ಇರ್ಲಿ ಬಿಡಿ ಮೇಷ್ಟ್ರೇ," ಎಂದರು ಮುನಿಯಮ್ಮ. "ಹೋಗೋ ಹೊತ್ಗೆ ಬೆಳೀತಾಳೆ."