ನೋಡಬೇಕಾದವು ಇನ್ನೂರ ಹದಿನಾಲ್ಕು

ನನ್ನ ವಯಸ್ಸಿನ ಗಂಡಸರು ಮನೆಯವರ ಕಣ್ಣು ತಪ್ಪಿಸಿ ಏನೇನೋ ಮಾಡುತ್ತಾರೆ. ನಾನು ಜಪಾನಿನ ಕಾರ್ಟೂನು ನೋಡುತ್ತೇನೆ. ಕಾರ್ಟೂನು ಅಂದರೆ ಭಾಲ್ಕಿಯ ನನ್ನ ವಿದ್ಯಾರ್ಥಿಗಳಿಗೆ ಸಿಟ್ಟು ಬರುತ್ತದೆ, ಅನಿಮೆ ಅನ್ನಬೇಕಂತೆ. ಆಗಲಿ, ಅನಿಮೆ. ನಲವತ್ತೆರಡು ದಾಟಿದ, ಅರ್ಧ ತಲೆ ನೆರೆತ, ಪದವಿಪೂರ್ವ ಕಾಲೇಜಿನಲ್ಲಿ ಭೂಗೋಳ ಕಲಿಸುವ ಒಬ್ಬ ಮಾಸ್ತರ ದಿನಾಲೂ ಬೀದರದಿಂದ ಭಾಲ್ಕಿಗೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕುಳಿತು, ನೀಲಿ ಕೂದಲಿನ ಹುಡುಗಿಯ ಕಷ್ಟಕ್ಕೆ ಕಣ್ಣೊರೆಸಿಕೊಳ್ಳುವ ದೃಶ್ಯವನ್ನು ನೀವೇ ಊಹಿಸಿಕೊಳ್ಳಿ. ಒಮ್ಮೆ ಪಕ್ಕದ ಸೀಟಿನ ಹಿರಿಯರು, "ಯಾಕ್ರಿ ಸರ್, ಮನ್ಯಾಗ ಏನರ ಆಯ್ತೇನ್ರಿ?" ಎಂದು ಕೇಳಿಯೇಬಿಟ್ಟರು. ಧೂಳು ಬಿತ್ತು ಎಂದೆ. ಅವರು ಪಾಪ, ಎದ್ದು ಕಿಟಕಿ ಮುಚ್ಚಿದರು.

ಈ ಚಟ ಹತ್ತಿದ್ದು ತರಗತಿಯಲ್ಲೇ. ಮುಂಗಾರಿನ ಮಾರುತಗಳ ಪಾಠ ನಡೆದಿತ್ತು. ಹಿಂದಿನ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ನಕಾಶೆ ಬರೆಯುವ ಬದಲು ವಹಿಯ ತುಂಬ ದೊಡ್ಡ ಕಣ್ಣಿನ ಯಾರನ್ನೋ ಬರೆಯುತ್ತಿದ್ದಳು. ವಹಿ ಕಸಿದುಕೊಂಡೆ. ಚಿತ್ರ ಮಾತ್ರ ಬಹಳ ಚೆನ್ನಾಗಿತ್ತು. ಇವ ಯಾರು ಎಂದು ಗದರಿಸಿ ಕೇಳಿದ್ದಕ್ಕೆ ಅವಳು ಹೇಳಿದ ಹೆಸರನ್ನು ಸಂಜೆ ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದೆ. ತಪ್ಪು ಮಾಡಿದವಳು ಅವಳು, ಶಿಕ್ಷೆ ಆದದ್ದು ನನಗೆ.

ಒಂದನ್ನು ನೋಡಿ ಮುಗಿಸಿದರೆ ಅದರಂಥವೇ ಇನ್ನೂ ಮೂರು ಇವೆ ಎಂದು ಯಾರಾದರೂ ಹೇಳುತ್ತಾರೆ. ಮರೆತುಹೋದೀತು ಎಂದು ಮೊಬೈಲಿನಲ್ಲಿ 'ನೋಡಬೇಕಾದವು' ಎಂಬ ಪಟ್ಟಿ ಶುರು ಮಾಡಿದೆ. ಒಂದು ಅಳಿಸಿದರೆ ಮೂರು ಸೇರುವ ಪಟ್ಟಿ ಎಂದಾದರೂ ಚಿಕ್ಕದಾಗುವುದೇ? ಭೂಗೋಳದವನಾದರೂ ಅಷ್ಟು ಗಣಿತ ನನಗೆ ತಿಳಿಯಬೇಕಿತ್ತು. ನಾಲ್ಕು ವರ್ಷದಲ್ಲಿ ಅದು ಇನ್ನೂರ ಹದಿನಾಲ್ಕಕ್ಕೆ ಬಂದು ನಿಂತಿತು. ನಿಂತಿತು ಎಂದರೆ ತಪ್ಪು, ಬೆಳೆಯುವ ನಡುವೆ ಒಮ್ಮೆ ನಾನು ನೋಡಿದಾಗ ಅಷ್ಟಿತ್ತು.

ಅಲ್ಲಿಂದ ನನ್ನ ನೋಟವೇ ಕೆಟ್ಟಿತು. ಮೌಲ್ಯಮಾಪನ ಕೇಂದ್ರದಲ್ಲಿ ಉತ್ತರಪತ್ರಿಕೆಯ ಕಟ್ಟು ಮುಂದಿಟ್ಟುಕೊಂಡವನ ಚಾಳಿ ಹತ್ತಿಬಿಟ್ಟಿತು. ಕಥೆ ತೆರೆಯುವ ಮೊದಲೇ ಎಷ್ಟು ಕಂತು ಎಂದು ನೋಡುವುದು. ಹಾಡು ಬಂದರೆ ದಾಟಿಸುವುದು. ಯಾರಾದರೂ ಸುಮ್ಮನೆ ಆಕಾಶ ನೋಡುತ್ತ ನಿಂತರೆ ಮುಂದಕ್ಕೆ ಓಡಿಸುವುದು. ಉಳಿದದ್ದನ್ನು ಒಂದೂವರೆ ಪಟ್ಟು ವೇಗದಲ್ಲಿ ಮುಗಿಸುವುದು. ಯಾವ ಕಥೆಯಲ್ಲಿ ಯಾರು ಸತ್ತರು ಎಂಬುದು ಕಲಸಿಹೋಗಿ, ಒಬ್ಬನ ತಾಯಿಗಾಗಿ ಇನ್ನೊಬ್ಬನ ಕಥೆಯಲ್ಲಿ ಮರುಗಿದ್ದೂ ಆಯಿತು. ನನ್ನ ಹೆಂಡತಿ ಸವಿತಾ ಒಂದು ದಿನ ಚಹಾದ ಕಪ್ಪು ಇಡುತ್ತ ಕೇಳಿದಳು: "ನೀವು ಅದು ನೋಡ್ಲತ್ತೀರೋ, ಮುಗಸ್ಲತ್ತೀರೋ?"

ಮಾತು ಎದೆಗೆ ತಾಗಿತು. ಸಮಾಧಾನಕ್ಕೆ ಇತಿಹಾಸದ ಮೊರೆ ಹೋದೆ. ನಮ್ಮ ಬೀದರದ ಹಳೆಯ ಮದರಸಾದಲ್ಲಿ ಒಂದು ಕಾಲಕ್ಕೆ ದೊಡ್ಡ ಪುಸ್ತಕ ಭಂಡಾರ ಇತ್ತಂತೆ. ದೂರದ ದೇಶಗಳಿಂದ ಕಲಿಯಲು ಬಂದವರು ಅಲ್ಲಿ ಇರುತ್ತಿದ್ದರಂತೆ. ಅವರಲ್ಲೂ ಒಬ್ಬ ನನ್ನಂಥವ ಇದ್ದಿರಬೇಕು. ಕೈಯಲ್ಲಿ ಒಂದು ಪುಸ್ತಕ ಹಿಡಿದು, ಕಣ್ಣನ್ನು ಮಾತ್ರ ಓದದೆ ಉಳಿದ ಕಪಾಟುಗಳ ಮೇಲೆ ಇಟ್ಟವನು. ಅವನನ್ನು ನೆನೆದು ಸ್ವಲ್ಪ ಹಗುರಾಯಿತು. ಆದರೆ ಅವನಿಗೆ ಪುಟವನ್ನು ಒಂದೂವರೆ ಪಟ್ಟು ವೇಗದಲ್ಲಿ ಓಡಿಸುವ ಗುಂಡಿ ಇರಲಿಲ್ಲ ಎಂಬುದೂ ನೆನಪಾಯಿತು.

ಕೊನೆಗೆ ಮನಸ್ಸು ಗಟ್ಟಿ ಮಾಡಿದೆ. ಮುಂದಿನ ತಿಂಗಳು ಪಟ್ಟಿಯನ್ನೂ ಆ್ಯಪನ್ನೂ ಅಳಿಸಿ ಕೈ ತೊಳೆದುಕೊಳ್ಳುವುದು. ಹೀಗೆ ಬರೆಯುವಾಗ ಸುಲಭವಾಗಿ ಕಾಣುತ್ತದೆ, ಆದರೆ ನನಗೆ ನಿಜವಾಗಿ ದುಃಖವಾಗಿತ್ತು. ಕಾಲೇಜು, ಮನೆ, ಸಾಲಿನಲ್ಲಿ ನಿಲ್ಲುವ ಕೆಲಸಗಳು ಎಲ್ಲವನ್ನೂ ಯಾರೋ ನನಗೆ ಹಚ್ಚಿಕೊಟ್ಟದ್ದು. ಇದೊಂದನ್ನು ನಾನಾಗಿ ಹುಡುಕಿಕೊಂಡು ಪ್ರೀತಿ ಮಾಡಿದ್ದೆ. ಅದೂ ಬೇಸರಾದರೆ ನನ್ನದು ಅಂತ ಏನು ಉಳಿಯಿತು?

ಅದೇ ಹೊತ್ತಿಗೆ ನೀಲಮ್ಮತ್ತಿ ಬಂದಳು. ನನ್ನ ಅಪ್ಪನ ಅಕ್ಕ; ಔರಾದ ತಾಲೂಕಿನ ಡಾಬಕಾದವಳು; ಎಪ್ಪತ್ತು ದಾಟಿದೆ. ಹುಡುಗಿಯಾಗಿದ್ದಾಗ ತನ್ನ ಅಪ್ಪನ ಕುರಿಗಳ ಹಿಂದೆ ಮಹಾರಾಷ್ಟ್ರದ ಸೀಮೆಯ ತನಕ ನಡೆದವಳು. ಬಿತ್ತನೆ ಮುಗಿಸಿ, ಕಣ್ಣಿನ ಪೊರೆ ತೆಗೆಸಲು ಬೀದರಿಗೆ ಬಂದಿದ್ದಳು. ಆಪರೇಶನ್ನಿನ ಮರುದಿನವೇ ಡಾಕ್ಟರು ಕಣ್ಣಿನ ಪಟ್ಟಿ ಬಿಚ್ಚಿ, ಹನಿ ಹಾಕಿಕೊಳ್ಳಿ, ಎಲ್ಲ ನೋಡಬಹುದು ಎಂದರು. ಅತ್ತಿ ಅವರನ್ನು ನಂಬಲಿಲ್ಲ. ಅವಳ ಊರಿನ ಲೆಕ್ಕದಲ್ಲಿ ಕಣ್ಣಿನ ಪಥ್ಯ ಎಂದರೆ ನಲವತ್ತು ದಿನ. ಹೊಗೆ ಇಲ್ಲ, ಒಲೆ ಇಲ್ಲ, ಟಿವಿ ಅಂತೂ ಇಲ್ಲವೇ ಇಲ್ಲ. ಕರಿ ಕನ್ನಡಕ ಹಾಕಿಕೊಂಡು, ಪಡಸಾಲೆಯಲ್ಲಿ ಟಿವಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಮಾಡಿ ಕೂಡುತ್ತಿದ್ದಳು.

ಒಂದು ಸಂಜೆ ನಾನು ಕಾಲೇಜಿನಿಂದ ಬಂದು ಟಿವಿ ಹಚ್ಚಿದೆ. ಕಡೆಯದೊಂದು ನೋಡಿ ಬಿಡೋಣ ಎಂದು ಪಟ್ಟಿಯಿಂದ ಕಣ್ಣು ಮುಚ್ಚಿ ಆರಿಸಿದ ಕಥೆ. ಸಮುದ್ರದ ದಂಡೆಯಲ್ಲಿ ಉಪ್ಪು ತುಂಬಿಕೊಂಡು, ಒಂದು ಎತ್ತಿನ ಮೇಲೆ ಹೇರಿ, ಬೆಟ್ಟದ ಹಳ್ಳಿಗಳಿಗೆ ಮಾರುತ್ತ ಹೋಗುವ ಹುಡುಗಿ. ಬೆಟ್ಟದ ಆ ಕಡೆ ಎಲ್ಲೋ ಮನೆ ಬಿಟ್ಟು ಹೋದ ಅವಳ ಅಣ್ಣ ಇದ್ದಾನೆ. ಇಪ್ಪತ್ನಾಲ್ಕು ಕಂತು. ಜಪಾನಿ ಭಾಷೆ, ಕೆಳಗೆ ಇಂಗ್ಲಿಷಿನ ಸಾಲು.

ಗೋಡೆಯ ಕಡೆಯಿಂದ ಅತ್ತಿ ಕೇಳಿದಳು: "ಯಾಕ ಅಳ್ಲತಾಳೋ ಬಸು, ಆ ಹುಡುಗಿ?"

"ಅಣ್ಣ ಬಿಟ್ಟು ಹೋಗ್ಯಾನ ಅತ್ತಿ."

"ಹೂಂ?"

ಈ 'ಹೂಂ' ಎಂಥದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಹೂಂ ಅನ್ನುವವರು ಇಲ್ಲದೆ ನಮ್ಮಲ್ಲಿ ಯಾರೂ ಕಥೆ ಹೇಳುವುದಿಲ್ಲ. ಒಮ್ಮೆ ಒಬ್ಬರು ಹೂಂ ಅಂದರು ಎಂದರೆ ಹೇಳುವವನು ನಡುವೆ ಎದ್ದು ಹೋಗುವ ಹಾಗಿಲ್ಲ. ನಾನು ಸಿಕ್ಕಿಬಿದ್ದೆ. ಇಂಗ್ಲಿಷಿನಲ್ಲಿ ಓದಿ ನಮ್ಮ ಮಾತಿನಲ್ಲಿ ಹೇಳತೊಡಗಿದೆ. ಆ ಹುಡುಗಿಯ ಜಪಾನಿ ಹೆಸರು ಅತ್ತಿಗೆ ಹಿಡಿಸಲಿಲ್ಲವಾಗಿ ಮೊದಲ ಸಂಜೆಯೇ ಅವಳು ಕಮಳಾಬಾಯಿ ಆದಳು. ಜಪಾನಿನ ಮುದುಕನೊಬ್ಬ, "ಎಲ್ಲಿಗಿ ನಡದಿ ಯವ್ವಾ, ಮಳಿ ಬರ್ಲತದ" ಎನ್ನುವುದನ್ನು ಕೇಳಿ ಅಡುಗೆಮನೆಯಲ್ಲಿ ಸವಿತಾ ಬಾಯಿಗೆ ಸೆರಗು ಹಚ್ಚಿಕೊಂಡಳು.

ಎರಡನೆಯ ಸಂಜೆ ನನ್ನ ಹಳೆಯ ಚಾಳಿ ತಲೆ ಹಾಕಿತು. ಕಮಳಾಬಾಯಿ ಮಾತಿಲ್ಲದೆ ಸುಮ್ಮನೆ ನಡೆಯುವ ದೃಶ್ಯ ಬಂತು. ಗೋಡೆಗೆ ಮುಖ ಮಾಡಿದ ಅತ್ತಿಗೆ ಏನು ತಿಳಿಯುತ್ತದೆ ಎಂದು ಓಡಿಸಿಬಿಟ್ಟೆ. ಮುಂದಿನ ದೃಶ್ಯದಲ್ಲಿ ಅವಳು ಕುಂಟುತ್ತಿದ್ದಳು, ಹಾಗೆಂದು ಹೇಳಿದೆ. ಹೂಂ ಬರಲಿಲ್ಲ.

"ಈಗ ಹೊಂಡುವಾಗ ಕಾಲು ಬರಾಬರ್ ಇತ್ತಲ್ಲೋ," ಎಂದಳು ಅತ್ತಿ. "ನಡುವ ಎಲ್ಲ್ಯೋ ನುಂಗಿದಿ ನೀ. ಹಿಂದಕ ಹೋಗು."

ಹಿಂದಕ್ಕೆ ಹೋದೆ. ನಡಿಗೆಯ ನಡುವೆ ಕ್ಷಣಮಾತ್ರ ಒಂದು ಮುಳ್ಳು ಇತ್ತು. ಹುಡುಗಿ ಅದನ್ನು ಕಿತ್ತು, ಎತ್ತಿಗೆ ತಾಗದಿರಲಿ ಎಂದು ದಾರಿಯ ಆಚೆ ಎಸೆಯುತ್ತಾಳೆ. ನಾಲ್ಕು ವರ್ಷದಲ್ಲಿ ಇಂಥ ಎಷ್ಟು ಮುಳ್ಳುಗಳನ್ನು ದಾಟಿಸಿ ಓಡಿದ್ದೆನೋ. ಕಣ್ಣಿದ್ದವನು ಯಾರು ಎಂಬ ಪ್ರಶ್ನೆಯನ್ನು ನಾನು ಅಲ್ಲಿಗೇ ಬಿಟ್ಟೆ.

ಅತ್ತಿಯ ಪ್ರಶ್ನೆಗಳು ಯಾವ ವಿಮರ್ಶಕನಿಗೂ ಹೊಳೆಯುವಂಥವಲ್ಲ. ಉಪ್ಪಿನ ಚೀಲಕ್ಕೆ ಮಳೆ ಬಡಿದರೆ ಏನು ಹೊದಿಸುತ್ತಾಳೆ? ಎತ್ತಿಗೆ ನೀರು ಎಲ್ಲಿ ಕುಡಿಸಿದಳು? ಒಂದು ಸಲ ಹುಡುಗಿ ಛತ್ರದಲ್ಲಿ ಕುಳಿತು ಊಟ ಮಾಡುವಾಗ, "ಎತ್ತು ಎಲ್ಲಿ ಕಟ್ಯಾಳ?" ಎಂದು ಕೇಳಿದಳು. ಇದನ್ನೆಲ್ಲ ಬರೆದಿರುವುದಿಲ್ಲ ಅತ್ತಿ ಎಂದು ಹೇಳಲು ಬಾಯಿ ತೆರೆದವನು, ಯಾವುದಕ್ಕೂ ಇರಲಿ ಎಂದು ಚಿತ್ರ ನಿಲ್ಲಿಸಿ ನೋಡಿದೆ. ಕಿಟಕಿಯ ಆಚೆ, ಮೂಲೆಯಲ್ಲಿ, ಹೆಬ್ಬೆರಳಿನಷ್ಟು ಚಿಕ್ಕದಾಗಿ ಎತ್ತು ಇತ್ತು. ಹಗ್ಗವನ್ನು ಮರದ ಬೇರಿಗೆ ಎರಡು ಸುತ್ತು ಸುತ್ತಲಾಗಿತ್ತು.

"ಬೇರಿಗಿ ಕಟ್ಯಾಳ," ಎಂದೆ.

"ಶಾಣ್ಯಾ ಹುಡುಗಿ," ಎಂದಳು ಅತ್ತಿ.

ಜಪಾನಿನಲ್ಲಿ ಯಾರೋ ಒಬ್ಬರು, ಯಾರೂ ನೋಡಲಾರರು ಎಂದು ಗೊತ್ತಿದ್ದೂ, ಆ ಎತ್ತನ್ನು ಕಟ್ಟಿಹಾಕದೆ ಬಿಡಲಿಲ್ಲ. ಡಾಬಕಾದ ಒಬ್ಬಳು, ಕಣ್ಣು ಮುಚ್ಚಿಕೊಂಡೇ, ಅದನ್ನು ಕಟ್ಟಿದ್ದಾರೋ ಇಲ್ಲವೋ ಎಂದು ಕೇಳದೆ ಬಿಡಲಿಲ್ಲ. ಇಬ್ಬರೂ ಕೆಲಸ ಬಲ್ಲವರು. ನಡುವೆ ಕುಳಿತ ನಾನು ಇಬ್ಬರಿಗೂ ಮನಸ್ಸಿನಲ್ಲೇ ಕೈ ಮುಗಿದೆ.

ಹುರುಪಿನಲ್ಲಿ ಆ ದಿನ ಇನ್ನೊಂದು ಕಂತು ಹಚ್ಚಲು ಹೋದೆ. ಅತ್ತಿ ತಡೆದಳು. ಶ್ರಾವಣದಲ್ಲಿ ಊರ ಗುಡಿಯಲ್ಲಿ ಪುರಾಣ ಹಚ್ಚಿದರೆ ದಿನಕ್ಕೆ ಒಂದೇ ಅಧ್ಯಾಯ. ಕೇಳಿ ಬಂದವರು ಮರುದಿನ ಹೊಲದಲ್ಲಿ, ಬರಲಾಗದವರಿಗೆ ಅದನ್ನು ಹೇಳಬೇಕು. ಹೇಳಿದ ಮೇಲೆಯೇ ಮುಂದಿನದು. "ಇವತ್ತಿಂದು ಇನ್ನ ಹೊಟ್ಟ್ಯಾಗ ಇಳಿದಿಲ್ಲ, ಬಂದ್ ಮಾಡು," ಎಂದಳು. ಬಂದ್ ಮಾಡಿದೆ. ಮರುದಿನ ಬಸ್ಸಿನಲ್ಲಿ ಮೊಬೈಲು ತೆಗೆಯದೆ, ಕಮಳಾಬಾಯಿ ಆ ಬೆಟ್ಟವನ್ನು ಹೇಗೆ ಹತ್ತಬಹುದು ಎಂದು ಯೋಚಿಸುತ್ತ ಭಾಲ್ಕಿ ತಲುಪಿದೆ. ಸಂಜೆ ಯಾವಾಗ ಆದೀತು ಎಂದು ಕಾದು ಎಷ್ಟು ವರ್ಷವಾಗಿತ್ತೋ.

ಪಟ್ಟಿಯ ವಿಷಯವನ್ನೂ ಅವಳಿಗೆ ಹೇಳಿಕೊಂಡೆ. ಇನ್ನೂರ ಹದಿನಾಲ್ಕು ಉಳಿದಿವೆ, ಮುಗಿಯುವುದೇ ಇಲ್ಲ, ಎಲ್ಲ ಅಳಿಸಿಬಿಡುತ್ತೇನೆ ಎಂದೆ. ಅತ್ತಿ ಕನ್ನಡಕ ಸರಿ ಮಾಡಿಕೊಂಡು ಕೇಳಿದಳು: "ಇಷ್ಟು ದಿನದಾಗ ಮುಗಸ್ಬೇಕಂತ ನಿನಗ ಯಾರು ಹೇಳ್ಯಾರ?"

ಯಾರೂ ಹೇಳಿರಲಿಲ್ಲ. ಈಗ ಯೋಚಿಸಿದರೂ ಯಾರ ಹೆಸರೂ ನೆನಪಾಗುತ್ತಿಲ್ಲ.

ಇಪ್ಪತ್ಮೂರನೆಯ ಕಂತು ಮುಗಿದ ಮರುದಿನ ಡಾಬಕಾದಿಂದ ಅತ್ತಿಯ ಮಗನ ಫೋನು ಬಂತು. ಕುರಿಗಳು ಮರಿ ಹಾಕುತ್ತಿವೆ, ಒಬ್ಬನಿಗೇ ಆಗುತ್ತಿಲ್ಲ ಎಂದ. ಪಥ್ಯ ಇನ್ನೂ ಎರಡು ವಾರ ಬಾಕಿ ಇತ್ತು, ಕಥೆಯ ಒಂದು ಕಂತು ಬಾಕಿ ಇತ್ತು. ಅತ್ತಿ ಕರಿ ಕನ್ನಡಕದಲ್ಲೇ ಔರಾದ ಬಸ್ಸು ಹತ್ತಿದಳು. ಹತ್ತುವಾಗ, "ನನ್ನ ಬಿಟ್ಟು ನೋಡಿದ್ರ ನಿನ್ನ ಮನಿ ಹೊಸ್ತಲ ದಾಟಾಕಿ ಅಲ್ಲ," ಎಂದು ಹೇಳಿಯೇ ಹತ್ತಿದಳು.

ಎರಡು ವಾರ ನೋಡಲಿಲ್ಲ. ಕಡೆಯ ಕಂತು ಮೊಬೈಲಿನಲ್ಲಿ ಇಳಿಸಿಕೊಂಡು ಜೇಬಿನಲ್ಲಿಟ್ಟುಕೊಂಡೇ ತಿರುಗಿದೆ. ನೋಡದೆ ಉಳಿದದ್ದು ಭಾರವೇ ಆಗಬೇಕಿಲ್ಲ, ಆಸೆಯೂ ಆಗಿರಬಹುದು ಎಂದು ಆಗಲೇ ನನಗೆ ತಿಳಿದದ್ದು.

ಪಥ್ಯ ಮುಗಿದ ಮೇಲಿನ ಭಾನುವಾರ ಡಾಬಕಾಕ್ಕೆ ಹೋದೆ. ಅತ್ತಿ ಹೊಲದಲ್ಲಿದ್ದಳು. ಸೋಯಾಬೀನಿನಲ್ಲಿ ಕಳೆ ತೆಗೆಯುವ ಏಳೆಂಟು ಹೆಂಗಸರು ಬೇವಿನ ಮರದ ಕೆಳಗೆ ರೊಟ್ಟಿ ಗಂಟು ಬಿಚ್ಚಿ ಕುಳಿತಿದ್ದರು. ನನ್ನನ್ನು ಕಂಡದ್ದೇ ಒಬ್ಬಳು, "ಇವ್ರೇನ್ರಿ ಕಮಳಾಬಾಯಿ ಸರ್?" ಎಂದು ಕೇಳಿದಳು. ಅತ್ತಿ ಒಂದೊಂದೇ ಅಧ್ಯಾಯವಾಗಿ ಅವರಿಗೆ ಅಷ್ಟನ್ನೂ ಹೇಳಿದ್ದಳು. ಇಪ್ಪತ್ಮೂರಕ್ಕೆ ಬಂದು ಎಲ್ಲರೂ ನಿಂತಿದ್ದರು.

ಅತ್ತಿಯ ಮುಖದ ಮೇಲೆ ಕರಿ ಕನ್ನಡಕ ಇರಲಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತಿದೆಯಂತೆ. ನನಗೆ ಖುಷಿಯಾಗಿ, "ಇನ್ನ ನಾ ಯಾಕ ಹೇಳ್ಲಿ, ನೀನೇ ನೋಡು ಅತ್ತಿ," ಎಂದು ಮೊಬೈಲನ್ನು ಅವಳ ಕೈಗೆ ಕೊಟ್ಟೆ. ಕಮಳಾಬಾಯಿ ಬೆಟ್ಟದ ನೆತ್ತಿಯಲ್ಲಿ ನಿಂತಿದ್ದಳು. ಅತ್ತಿ ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು.

"ಇಕಿ ಯಾರು?"

"ಇಕಿನೇ ಅತ್ತಿ, ಕಮಳಾಬಾಯಿ."

"ಅಲ್ಲ." ಅತ್ತಿ ಮೊಬೈಲನ್ನು ವಾಪಸು ಕೊಟ್ಟಳು. "ಈ ಹುಡುಗಿಗಿ ಒಂದಿನಾನೂ ಬಿಸಲು ಬಡದಿಲ್ಲ. ಕಮಳಿ ಹಿಂಗಿಲ್ಲ, ನಾ ನೋಡೀನಿ. ನೀ ಆ ಕಡಿ ತಿರಗಸ್ಕೊಂಡು ಹೇಳು."

ಹೇಳಿದೆ. ಏನೊಂದನ್ನೂ ನುಂಗಲಿಲ್ಲ. ಬೆಟ್ಟ ಇಳಿದದ್ದು, ಊರ ಬಾವಿಯಲ್ಲಿ ಎತ್ತಿಗೆ ನೀರು ಕುಡಿಸಿದ್ದು, ಅಂಗಡಿಯಲ್ಲಿ ಅಣ್ಣನನ್ನು ಕಂಡದ್ದು, ಅವನು ಗುರುತು ಹಿಡಿಯದೆ ಉಪ್ಪು ಕೊಂಡದ್ದು. ಅವನ ಪುಟ್ಟ ಮಗಳು ಎತ್ತಿನ ಕೋಡು ಸವರುತ್ತ ನಿಂತದ್ದನ್ನು ನೋಡಿ, ತಾನು ಯಾರೆಂದು ಹೇಳದೆಯೇ ಹುಡುಗಿ ಹಗ್ಗ ಹಿಡಿದು ಹೊರಟದ್ದು. ಆಗ ಹೂಂ ನಿಂತೇಹೋಯಿತು. ನಾನು ಕಣ್ಣೊರೆಸಿಕೊಂಡೆ. ಧೂಳು ಬಿತ್ತು ಎನ್ನಬೇಕಾಗಲಿಲ್ಲ, ಅಲ್ಲಿ ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಇಬ್ಬರು ಅವಳು ಹೇಳಬೇಕಿತ್ತು ಎಂದರು, ಮೂವರು ಹೇಳದ್ದೇ ಬರಾಬರ್ ಎಂದರು. ರೊಟ್ಟಿ ಒಣಗುವ ತನಕ ಜಗಳ ನಡೆಯಿತು.

ಎಲ್ಲರಿಗಿಂತ ಹಿರಿಯ ಹೆಂಗಸು ಕೊನೆಗೆ ಕಳೆ ತೆಗೆಯುವ ಕುರ್ಪಿ ಎತ್ತಿಕೊಳ್ಳುತ್ತ ನಿಟ್ಟುಸಿರು ಬಿಟ್ಟಳು. "ಮುಗೀತಲ್ರಿ ಹಂಗಾದ್ರ. ನಾಳಿಗಿ ಏನ್ ಕೇಳ್ಬೇಕು? ಇನ್ನ ಎರಡ್ ಎಕರೆ ಕಸ ಅದ."

"ಫಿಕರ್ ಯಾಕ ಮಾಡ್ತಿ," ಎಂದಳು ಅತ್ತಿ, ಸೆರಗು ಬಿಗಿದುಕೊಳ್ಳುತ್ತ. "ನಮ್ಮ ಬಸ್ಯಾನ ಬಲ್ಲಿ ಇಂಥಾವು ಇನ್ನ ಇನ್ನೂರಾ ಹದಿಮೂರು ಅವ."

ಒಂದನ್ನು ಕಳೆದೇ ಹೇಳಿದ್ದಳು. ಏಳೆಂಟು ಹೆಂಗಸರೂ ತಿರುಗಿ ನನ್ನನ್ನು ನೋಡಿದರು. ಹತ್ತು ಎಕರೆ ನೀರಾವರಿ ಇದ್ದವನನ್ನು ನಮ್ಮ ಕಡೆ ಹಾಗೆ ನೋಡುತ್ತಾರೆ.

"ಖರೇ ಏನ್ರಿ ಸರ್?" ಎಂದು ಒಬ್ಬಳು ಕೇಳಿದಳು.

"ಖರೇ ರೀ," ಎಂದೆ. "ಅವ."