ಕಾಗೆಗೆ ಗೊತ್ತಿರುವ ವಿದ್ಯೆ

ಹಕ್ಕಿಗಳಿಗೆಂದು ಅಂಗಳದಲ್ಲಿಟ್ಟ ನೀರಿನ ಬಟ್ಟಲನ್ನು ವಿಜ್ಞಾನಿಯಾದ ನನ್ನವರು ಮೇಲಧಿಕಾರಿಗೆ ಹೆಮ್ಮೆಯಿಂದ ತೋರಿಸುತ್ತಿದ್ದಾಗಲೇ ಕಾಗೆಯೊಂದು ಅದರೊಳಗೆ ಮತ್ತಿ ಮೀನಿನ ತಲೆ ಹಾಕಿತು. ತಿರುವನಂತಪುರದ ನಮ್ಮ ಕ್ವಾರ್ಟರ್ಸಿಗೆ ಕಡಲತೀರ ಹತ್ತಿರ. ಕಾಗೆ ಮೀನನ್ನು ಅದ್ದಿ ಅದ್ದಿ ತಿನ್ನತೊಡಗಿತು.

ಊರಿಗೆಲ್ಲ ಚಿಕೂನ್‌ಗುನ್ಯಾ ಹಬ್ಬಿ, ಪಾಚಿಗಟ್ಟಿದ ಬಟ್ಟಲಲ್ಲಿ ಸೊಳ್ಳೆಮರಿ ಆಡುತ್ತಿದ್ದಾಗಲೂ "ಅದು ಪ್ರಕೃತಿ ಕಣೇ, ಮುಟ್ಟಬಾರದು" ಎನ್ನುತ್ತಿದ್ದ ನಮ್ಮ ಸಸ್ಯಾಹಾರಿ ವಿಜ್ಞಾನಿ, ಮೂಗು ಮುಚ್ಚಿಕೊಂಡು ನನ್ನ ಕಡೆ ನೋಡಿದರು.

"ಮೀನೂ ಪ್ರಕೃತಿನೇ ಅಲ್ವೇನ್ರೀ?" ಎಂದು ತೆಂಗಿನ ನಾರನ್ನು ಅವರ ಕೈಗಿತ್ತೆ.

ಉಟ್ಟಿದ್ದ ಮುಂಡು ಎತ್ತಿ ಕಟ್ಟಿ ಬಟ್ಟಲು ತಿಕ್ಕಿದರು, ಹೊಸ ನೀರು ತುಂಬಿದರು, ಮೇಲಧಿಕಾರಿಯನ್ನು ಕಾಯಲು ಕೂರಿಸಿ ತಾವು ತಲೆಗೆ ಸ್ನಾನವನ್ನೂ ಮಾಡಿ ಬಂದರು.

ಅಂದಿನಿಂದ ಮೀನು ಬಿದ್ದ ದಿನ ಮಾತ್ರ ಬಟ್ಟಲು ಥಳಥಳ ಹೊಳೆಯುತ್ತದೆ. ಇವರಿಂದ ಕೆಲಸ ಮಾಡಿಸುವ ವಿದ್ಯೆ ನನಗಿಂತ ಆ ಕಾಗೆಗೇ ಚೆನ್ನಾಗಿ ಗೊತ್ತು.